ಆರ್‌ಟಿಎ ತುಂಬ್ಸೋವಾಗ ಲೀಕ್ ಆಗ್ತಿದ್ರೆ "ಎಲ್ಲಾ ಟ್ಯಾಂಕೂ ಹಂಗೇನೇ" ಅನ್ನೋ ಮಾತು ನಂಬ್ಬೇಡಿ

ಇ-ಸಿಗರೇಟಲ್ಲಿ (ವೇಪಲ್ಲಿ) ರೀಬಿಲ್ಡಬಲ್ ಟ್ಯಾಂಕ್ (ಆರ್‌ಟಿಎ), ಅಂದ್ರೆ ಕಾಯಿಲ್, ಕಾಟನ್ ನಾವೇ ಹಾಕ್ಕೊಳ್ಳೋ ಟ್ಯಾಂಕ್ ಬಳಸೋರು, ಅದ್ರಲ್ಲೂ ಕೆಳಗಿಂದ ಗಾಳಿ ಎಳೆಯೋ ಆರ್‌ಟಿಎ ಇಟ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಜ್ಯೂಸ್ (ವೇಪಿಗೆ ಹಾಕೋ ದ್ರವ) ತುಂಬ್ಸೋವಾಗ ಏರ್‌ಫ್ಲೋ ತೂತಿಂದ ಸೋರ್ತಿದೆ ಅಂದ್ರೆ "ಆರ್‌ಟಿಎ ಅಂದ್ಮೇಲೆ ಅಷ್ಟಿಷ್ಟು ಸೋರುತ್ತೆ, ಟಿಶ್ಯೂಲಿ ಒರೆಸ್ಕೊಂಡು ಸೇದಿ" ಅಂತ ಹೇಳೋರು ಸುಮಾರು ಜನ ಸಿಕ್ತಾರೆ. ನನಗೆ ಟ್ಯಾಂಕ್ ಮಾರಿದವರೂ ಇದನ್ನೇ ಹೇಳಿದ್ರು. ಆ ಮಾತಿಂದ ನನ್ನ ಮಾಡ್ (ಟ್ಯಾಂಕ್ ಕೂರೋ ಬ್ಯಾಟರಿ ಭಾಗ) ಕೆಟ್ಟೋಯ್ತು, ಅದು ಕೆಟ್ಟ ರೀತಿ ನೋಡಿದ್ರೆ ಅಷ್ಟಕ್ಕೇ ನಿಂತಿದ್ದು ಪುಣ್ಯ.

ಪ್ರತಿ ಸಲ ತುಂಬ್ಸಿದಾಗ್ಲೂ ಬುಡದಲ್ಲಿ ಒದ್ದೆ ಇರ್ತಿತ್ತು, ಒರೆಸಿದ್ರೆ ಸ್ವಲ್ಪ ಹೊತ್ತು ಸರಿ, ಮತ್ತೆ ತುಂಬ್ಸಿದ್ರೆ ಮತ್ತೆ ಅದೇ ಕಥೆ. ಒಂದಿನ ಮೇಜಿನ ಮೇಲೆ ಸುಮ್ನೆ ನಿಲ್ಸಿಟ್ಟಿದ್ದ ಮಾಡ್, ಯಾರೂ ಬಟನ್ ಮುಟ್ಟಿಲ್ಲ, ತಾನಾಗೇ ಚುರ್ರ್ ಅಂತ ಫೈರ್ ಆಗೋಕೆ, ಅಂದ್ರೆ ಕಾಯಿಲ್ ಕಾಯೋಕೆ ಶುರು ಆಯ್ತು. ಡ್ರಿಪ್ ಟಿಪ್ಪಿಂದ (ಬಾಯಿಗಿಡೋ ತುದಿ) ಹೊಗೆ, ಜೊತೆಗೆ ಕಾಟನ್ ಸುಟ್ಟ ಘಾಟು. ಬಹಳಷ್ಟು ಮಾಡ್‌ಗಳು 10 ಸೆಕೆಂಡ್ ಆದ್ಮೇಲೆ ತಾವೇ ಕಟ್ ಮಾಡ್ತವೆ, ಇದೂ ಮಾಡ್ತು, ಆದ್ರೆ ಬಟನ್ ಒಳಗೆ ಜ್ಯೂಸ್ ಇಳಿದಿದ್ರಿಂದ ಒಂದು ಕ್ಷಣ ಬಿಟ್ಟು ಮತ್ತೆ ಫೈರ್. ಬ್ಯಾಟರಿ ಕಿತ್ತು ಹಾಕೋವರೆಗೂ ನಿಲ್ಲಲೇ ಇಲ್ಲ. ಟ್ಯಾಂಕ್ ಬಿಚ್ಚಿ ನೋಡಿದ್ರೆ 510 ಪಿನ್ (ಟ್ಯಾಂಕ್ ಮಾಡ್‌ಗೆ ಕೂರೋ ಜಾಗದ ಕರೆಂಟ್ ಪಿನ್) ಸುತ್ತ ಕಂದು ಬಣ್ಣದ ಜ್ಯೂಸ್ ಗಟ್ಟಿಯಾಗಿ ನಿಂತಿತ್ತು, ಅಲ್ಲಿಂದ ಬೋರ್ಡಿಗೆ ಇಳಿದಿದೆ. ಇದೇ ಜೇಬಲ್ಲೋ ಬ್ಯಾಗಲ್ಲೋ ಆಗಿದ್ರೆ? ನೆನೆಸ್ಕೊಂಡ್ರೆ ಈಗಲೂ ಮೈ ಜುಮ್ಮನ್ನುತ್ತೆ.

ಆಮೇಲೆ ಟ್ಯಾಂಕ್ ಪೂರ್ತಿ ಬಿಚ್ಚಿ ತೊಳೆದು ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯ್ತು, ಡೆಕ್ (ಕಾಯಿಲ್ ಕೂರ್ಸೋ ತಳ) ಮೇಲೆ ಚಿಮ್ನಿ (ಹೊಗೆ ಮೇಲೆ ಬರೋ ನಡುವಿನ ಕೊಳವೆ) ಕೂರೋ ಜಾಗದ ಓ-ರಿಂಗಲ್ಲಿ ಕೂದಲೆಳೆಯಷ್ಟು ಸೀಳು. ಸುಮ್ನೆ ನೋಡಿದ್ರೆ ಕಾಣಲ್ಲ, ರಿಂಗ್ ತೆಗೆದು ಎರಡು ಬೆರಳಲ್ಲಿ ಮೆತ್ತಗೆ ಎಳೆದ್ರೆ ಮಾತ್ರ ಬಾಯಿ ಬಿಡುತ್ತೆ. ಮಾರಿದವರು ಕೊಟ್ಟ ಸ್ಪೇರ್ ಪೊಟ್ಟಣದಲ್ಲಿ ಆ ಅಳತೆ ರಿಂಗೇ ಇರ್ಲಿಲ್ಲ! ಅದಕ್ಕೇ ಟ್ಯಾಂಕ್ ತಗೊಂಡ ತಕ್ಷಣ, ಹೊಸದೇ ಇರ್ಲಿ ಯಾರೋ ಬಳಸಿದ್ದೇ ಇರ್ಲಿ, ಪ್ರತಿ ರಿಂಗೂ ತೆಗೆದು ಹೀಗೆ ಎಳೆದು ನೋಡಿ, ಸ್ಪೇರ್ ಜೊತೆ ಅಳತೆ ಹೋಲ್ಸಿ. ವಾಪಸ್ ಹಾಕೋವಾಗ ರಿಂಗಿಗೆ ಒಂದು ಹನಿ ವಿಜಿ (ವೆಜಿಟೇಬಲ್ ಗ್ಲಿಸರಿನ್) ಸವರಿ. ಒಣ ರಿಂಗ್ ಮೇಲೆ ಚಿಮ್ನಿ ಒತ್ತಿ ತಿರುಗ್ಸಿದ್ರೆ ಸುರುಳಿಯಾಗಿ ಮಡಚ್ಕೊಂಡು ಹರಿಯುತ್ತೆ.

ಸರಿ, ರಿಂಗ್ ಎಲ್ಲಾ ಚೆನ್ನಾಗಿದ್ರೂ ತುಂಬ್ಸೋವಾಗ್ಲೇ ಯಾಕೆ ಸೋರುತ್ತೆ ಅಂದ್ರೆ, ಟ್ಯಾಂಕ್ ಒಳಗಿನ ಜ್ಯೂಸನ್ನ ಮುಖ್ಯವಾಗಿ ಹಿಡಿದಿಡೋದು ಮೇಲಿನ ಖಾಲಿ ಜಾಗದ ವ್ಯಾಕ್ಯೂಮ್, ಬರೀ ಕಾಟನ್ ಅಲ್ಲ. ಸ್ಟ್ರಾ ಮೇಲೆ ಬೆರಳು ಒತ್ತಿ ಎತ್ತಿದ್ರೆ ನೀರು ಬೀಳಲ್ಲ, ಬೆರಳು ತೆಗೆದ್ರೆ ಬೀಳುತ್ತಲ್ಲ, ಹಂಗೆ. ಮೇಲಿನ ಕ್ಯಾಪ್ ತೆಗೆದ ಕ್ಷಣ ವ್ಯಾಕ್ಯೂಮ್ ಹೋಯ್ತು, ಜ್ಯೂಸ್ ವಿಕ್ (ಕಾಯಿಲ್ ಒಳಗಿನ ಕಾಟನ್) ದಾಟಿ ಡೆಕ್ಕಿಗೆ, ಅಲ್ಲಿಂದ ಏರ್‌ಫ್ಲೋಗೆ. ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ತುಂಬ್ಸಿದ್ಮೇಲೆ ಕ್ಯಾಪ್ ಮುಚ್ಚೋವಾಗ ಅದು ಒಳಗಿನ ಗಾಳಿನ ಕೆಳಗೆ ಒತ್ತುತ್ತೆ, ಆ ಒತ್ತಡಕ್ಕೂ ಒಂದಷ್ಟು ಜ್ಯೂಸ್ ಕೆಳಗೆ ತಳ್ಕೊಂಡು ಬರುತ್ತೆ. ಸುಮಾರು ಜನ ತುಂಬ್ಸೋವಾಗ ಹುಷಾರಾಗಿದ್ದು ಇಲ್ಲಿ ಸಿಕ್ಕಾಕೊಳ್ತಾರೆ.

ಹಾಗಾಗಿ ಈಗ ನಾನು ಮಾಡೋದು: ಮೊದ್ಲು ಟ್ಯಾಂಕನ್ನ ಮಾಡ್‌ನಿಂದ ಬಿಚ್ಚಿ ಪಕ್ಕಕ್ಕೆ ತರೋದು, ಮಾಡ್ ಮೇಲೆ ಇಟ್ಕೊಂಡು ತುಂಬ್ಸಲೇಬೇಡಿ. ಜ್ಯೂಸ್ ಕಂಟ್ರೋಲ್ (ವಿಕ್ಕಿಗೆ ಜ್ಯೂಸ್ ಹೋಗೋ ತೂತು ಮುಚ್ಚೋ ವ್ಯವಸ್ಥೆ) ಇದ್ರೆ ಪೂರ್ತಿ ಮುಚ್ಚಿ, ಏರ್‌ಫ್ಲೋ ರಿಂಗೂ ಮುಚ್ಚಿ, ಆಮೇಲೆ ಕ್ಯಾಪ್ ತೆಗೀಬೇಕು. ಬಾಟಲ್ ಮೂತಿನ ಫಿಲ್ ತೂತಿನ ಗೋಡೆಗೆ ತಾಗ್ಸಿ ಬೇಗ ಬೇಗ ತುಂಬ್ಸಿ, ನಡುವಿನ ಚಿಮ್ನಿಗೆ ಹನಿ ಬೀಳಬಾರ್ದು, ಬಿದ್ರೆ ಅದು ಸೀದಾ ಕಾಯಿಲ್ ಮೇಲೆ. ಕಂಠಪೂರ್ತಿ ತುಂಬ್ಬೇಡಿ, ಸ್ವಲ್ಪ ಗಾಳಿ ಬಿಡಿ, ಅದೇ ಆಮೇಲೆ ವ್ಯಾಕ್ಯೂಮ್ ಆಗೋ ಜಾಗ. ಕ್ಯಾಪ್ ಮುಚ್ಚಿದ ತಕ್ಷಣ ಟ್ಯಾಂಕ್ ತಲೆಕೆಳಗೆ ಮಾಡಿ, ಹಂಗೇ ಹಿಡ್ಕೊಂಡು ಜ್ಯೂಸ್ ಕಂಟ್ರೋಲ್, ಏರ್‌ಫ್ಲೋ ಎರಡೂ ತೆಗೀರಿ, ಒತ್ತಡದ ಗಾಳಿ ಹೊರಗೆ ಹೋಗುತ್ತೆ, ಜ್ಯೂಸ್ ಹೋಗಲ್ಲ. ಆಮೇಲೆ ನೆಟ್ಟಗೆ ಮಾಡಿ ಬಿಳಿ ಟಿಶ್ಯೂ ಮೇಲೆ ಹತ್ತು ನಿಮಿಷ ನಿಲ್ಲಿಸಿ. ಟಿಶ್ಯೂಲಿ ಕಲೆ ಬಂದ್ರೆ ಮಾಡ್‌ಗೆ ಹಾಕ್ಲೇಬೇಡಿ.

ಕಲೆ ಬಂತು, ರಿಂಗೂ ಸರಿ ಇದೆ, ಅಂದ್ರೆ ವಿಕ್ ನೋಡಿ. ಕಾಟನ್ ಕಮ್ಮಿ ಇದ್ರೆ ಜ್ಯೂಸ್ ತೂತು ಅರ್ಧ ತೆರೆದೇ ಇರುತ್ತೆ, ಸೋರದೇ ಇನ್ನೇನು. ಹಂಗಂತ "ಇನ್ನೂ ತುರುಕಿ" ಅನ್ನೋ ಸಲಹೆ ಕೇಳ್ಬೇಡಿ, ಜ್ಯೂಸ್ ಹರಿಯೋಕೆ ಜಾಗ ಇಲ್ದೆ ಡ್ರೈ ಹಿಟ್ (ಒಣ ಕಾಟನ್ ಸುಟ್ಟ ಹೊಗೆ) ಆಗಿ ಗಂಟಲು ಸುಡುತ್ತೆ. ಕಾಯಿಲ್ ಒಳಗೆ ಎಳೆದಾಗ ಕಾಟನ್ ಸ್ವಲ್ಪ ತಡೆದು ಜಾರ್ಬೇಕು, ಕಾಯಿಲ್ ಆಕಾರ ಕೆಡಬಾರ್ದು. ಕಾಯಿಲಿಂದ ಹೊರಗೆ ಬಂದ ಕಾಟನ್ ಬಾಲನ ಬಾಚಿ ಹಗುರ ಮಾಡಿ ಜ್ಯೂಸ್ ತೂತಿನ ಬಾಯಿ ಪೂರ್ತಿ ಮುಚ್ಚೋ ಹಾಗೆ ಕೂರ್ಸಿ, ಮೂಲೆ ಬಿಡ್ಬೇಡಿ, ಒತ್ತಿ ತುಂಬ್ಬೇಡಿ. ಟ್ಯಾಂಕ್ ಜೋಡ್ಸೋ ಮುಂಚೆ ವಿಕ್ಕನ್ನ ಪೂರ್ತಿ ನೆನೆಸಿ.

ಜ್ಯೂಸ್ ತೆಳುವಾಗಿದ್ರೂ ಇದೇ ತೊಂದ್ರೆ. 70 ವಿಜಿ 30 ಪಿಜಿ (ಪ್ರೊಪಿಲೀನ್ ಗ್ಲೈಕಾಲ್, ವಿಜಿಗಿಂತ ತೆಳು) ಆಗೋ ಟ್ಯಾಂಕಲ್ಲಿ 50-50 ಹಾಕಿದ್ರೆ ಅದೇ ವಿಕ್ಕಲ್ಲಿ ಸೋರಬಹುದು. ಬಿಸಿಲಲ್ಲಿ ನಿಲ್ಸಿದ ಕಾರಲ್ಲಿ ಇಟ್ರೆ ಗಟ್ಟಿ ಜ್ಯೂಸೂ ತೆಳು ಆಗುತ್ತೆ, ಮೇಲಿನ ಗಾಳಿನೂ ಹಿಗ್ಗುತ್ತೆ.

ಸೋರಿದ್ದನ್ನ ಬರಿಗೈಯಲ್ಲಿ ಒರೆಸ್ಬೇಡಿ. ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತೆ, ಕೈಗೆ ತಾಗಿದ್ರೆ ತಕ್ಷಣ ಸೋಪು ನೀರಲ್ಲಿ ತೊಳ್ಕೊಳ್ಳಿ. ಒರೆಸಿದ ಟಿಶ್ಯೂ, ಹಳೇ ಕಾಟನ್ ಎಲ್ಲಾ ಮಕ್ಕಳು, ನಾಯಿ ಬೆಕ್ಕಿನ ಕೈಗೆ ಬಾಯಿಗೆ ಸಿಗದ ಹಾಗೆ ಮುಚ್ಚಳ ಇರೋ ಡಬ್ಬಕ್ಕೆ ಹಾಕಿ, ಚಿಕ್ಕ ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದ್ರೂ ಅದು ವಿಷ. ಇನ್ನು 510 ಪಿನ್ ಹತ್ರ ಒದ್ದೆ ಕಂಡ್ರೆ ಮೊದ್ಲು ಬ್ಯಾಟರಿ ತೆಗೀರಿ, ಆಮೇಲೆ ಒರೆಸಿ. ಬಟನ್ ಅಂಟಂಟಾಗಿದ್ರೆ ಅಥವಾ ಒಂದೇ ಒಂದು ಸಲ ತಾನಾಗೇ ಫೈರ್ ಆಗಿದ್ರೂ ಆ ಮಾಡ್‌ಗೆ ಮತ್ತೆ ಬ್ಯಾಟರಿ ಹಾಕ್ಬೇಡಿ, ಎಷ್ಟೇ ದುಡ್ಡು ಕೊಟ್ಟು ತಗೊಂಡಿದ್ರೂ ಸರಿ.