ಏಳು ಇಂಚಿನ ಚಾರ್ಟ್ ಪ್ಲಾಟರ್: ನಿಂತ ಬೋಟಿನಲ್ಲಿ ತಿರುಗುವ ನಕ್ಷೆ

ಮಲ್ಪೆಯಿಂದ ಹೊರಡುವ ನಮ್ಮ ಟ್ರಾಲ್ ಬೋಟಿಗೆ ಈ ಏಳು ಇಂಚಿನ ಜಿಪಿಎಸ್ ಚಾರ್ಟ್ ಪ್ಲಾಟರ್ (ಬೋಟು ಎಲ್ಲಿದೆಯೆಂದು ಸಮುದ್ರದ ನಕ್ಷೆಯ ಮೇಲೆ ತೋರಿಸುವ ಯಂತ್ರ) ಕೂರಿಸಿ ಮೂರು ಋತುಗಳಾದವು. ಉಪ್ಪುಗಾಳಿಗಾಗಲಿ ಎಂಜಿನ್ನಿನ ನಡುಕಕ್ಕಾಗಲಿ ಅದು ಜಗ್ಗಿಲ್ಲ. ಆದರೆ ಮೊದಲ ವರ್ಷವಿಡೀ ತೆರೆಯ ಮೇಲಿನ ನಕ್ಷೆ ಯಾವ ಕಡೆಗೆ ಮುಖ ಮಾಡಿದೆ ಎಂಬುದೇ ನಮಗೆ ತಲೆನೋವಾಗಿತ್ತು.

ಓಡುವಾಗ ಸರಿಯಾಗಿರುತ್ತಿದ್ದ ನಕ್ಷೆ, ಬಲೆ ಎಳೆಯಲೆಂದು ವೇಗ ತಗ್ಗಿಸಿದೊಡನೆ ಗಡಿಯಾರದ ಲೋಲಕದಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಿತ್ತು. ಒಂದು ನಸುಕಿನಲ್ಲಿ ಬಲೆ ಎಳೆಯುವ ವಿಂಚ್ ನಡೆಯುತ್ತಿದ್ದಾಗ, ಬೋಟು ನಡೆಸುವ ತಂಡೇಲರು ಪ್ಲಾಟರಿನ ತೆರೆಯನ್ನೇ ನೋಡುತ್ತ, "ಧನಿ, ಬೋಟು ನಿಂತಲ್ಲೇ ಇದೆ, ಸಮುದ್ರವೇ ತಿರುಗುತ್ತಿದೆಯಲ್ಲ" ಎಂದರು. ಮಾರಿದ ಅಂಗಡಿಯವರು ಆಂಟೆನಾ ಬದಲಿಸಿ ಹಣ ಪಡೆದರು. ಹೊರಳಾಟ ಮಾತ್ರ ನಿಲ್ಲಲಿಲ್ಲ.

ಕೆಟ್ಟಿದ್ದದ್ದು ಯಂತ್ರವಲ್ಲ, ಆಯ್ಕೆ. ನಮ್ಮದು 'ಕೋರ್ಸ್ ಅಪ್' ಕ್ರಮದಲ್ಲಿತ್ತು, ಅಂದರೆ ಬೋಟು ಸಾಗುವ ದಿಕ್ಕು ಸದಾ ತೆರೆಯ ಮೇಲ್ಭಾಗಕ್ಕೆ ಬರುತ್ತದೆ. ಜಿಪಿಎಸ್‌ಗೆ ಬೋಟಿನ ಮೂತಿ ಎತ್ತ ಇದೆಯೆಂಬುದು ಗೊತ್ತಿಲ್ಲ. ಬೋಟು ಎತ್ತ ಚಲಿಸುತ್ತಿದೆ ಎಂಬುದಷ್ಟೇ ಗೊತ್ತು. ಒಂದು ನಾಟ್ ವೇಗವೆಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಅಷ್ಟು ಅಲ್ಪ ಚಲನೆಯಲ್ಲಿ ಅಳತೆಯ ಸಣ್ಣ ತಪ್ಪೂ ಅಲೆಯ ತೂಗಾಟವೂ ಸೇರಿ ದಿಕ್ಕಿನ ಲೆಕ್ಕವನ್ನೇ ಕೆಡಿಸುತ್ತವೆ. ದಿಕ್ಸೂಚಿ ಸೆನ್ಸರ್ ಇಲ್ಲದ ನಮ್ಮ ಸೆಟ್ಟಿನಲ್ಲಿ 'ಹೆಡ್ ಅಪ್' (ಬೋಟಿನ ಮೂತಿ ಸದಾ ಮೇಲಕ್ಕೆ) ಆರಿಸಿದರೂ ಒಳಗೆ ನಡೆಯುತ್ತಿದ್ದದ್ದು ಇದೇ ಲೆಕ್ಕ. ಕೈಪಿಡಿಯಲ್ಲಿ ಈ ಬಗ್ಗೆ ಒಂದೇ ಸಾಲಿದೆ, ಅದೂ ಕೊನೆಯ ಪುಟಗಳಲ್ಲಿ.

ಉತ್ತರ ದಿಕ್ಕನ್ನು ಸದಾ ಮೇಲಕ್ಕಿಡುವ 'ನಾರ್ತ್ ಅಪ್'ಗೆ ಬದಲಿಸಿದ ಕ್ಷಣವೇ ನಕ್ಷೆ ನಿಂತಿತು. ಅದಕ್ಕೆ ಒಗ್ಗಿಕೊಳ್ಳಲು ಮಾತ್ರ ಸಮಯ ಬೇಕಾಯಿತು, ಏಕೆಂದರೆ ಗಂಗೊಳ್ಳಿ ಕಡೆಯಿಂದ ದಕ್ಷಿಣಕ್ಕೆ ಮರಳುವಾಗ ಕರಾವಳಿ ನಮ್ಮ ಎಡಗೈಗಿದ್ದರೆ ತೆರೆಯಲ್ಲಿ ಅದು ಬಲಕ್ಕಿರುತ್ತದೆ. ಕತ್ತಲಲ್ಲಿ ನಿದ್ದೆಗಣ್ಣಿನವನು ಚುಕ್ಕಾಣಿಯನ್ನು ತಪ್ಪು ಕಡೆಗೆ ತಿರುಗಿಸಲು ಇಷ್ಟು ಸಾಕು.

ಎರಡನೆಯ ವರ್ಷ ದಿಕ್ಸೂಚಿ ಸೆನ್ಸರ್ ಹಾಕಿಸಿದೆವು. ಅದನ್ನು ವೈರ್‌ಲೆಸ್ಸಿನ ಸ್ಪೀಕರ್ ಪಕ್ಕದಲ್ಲೇ ಜೋಡಿಸಿದ್ದು ನನ್ನದೇ ಮೂರ್ಖತನ: ಸ್ಪೀಕರಿನ ಆಯಸ್ಕಾಂತದಿಂದಾಗಿ ತೆರೆಯ ಮೇಲಿನ ಬೋಟು ಇಪ್ಪತ್ತು ಡಿಗ್ರಿಯಷ್ಟು ಓರೆಯಾಗಿ ಕಾಣುತ್ತಿತ್ತು. ಸೆನ್ಸರನ್ನು ಅಲ್ಲಿಂದ ದೂರ ಸರಿಸಿ, ಗಾಳಿಯಿಲ್ಲದ ಬೆಳಿಗ್ಗೆ ಬೇರೆ ಬೋಟುಗಳಿಲ್ಲದ ಕಡೆ ನಿಧಾನವಾಗಿ ಎರಡು ಪೂರ್ಣ ಸುತ್ತು ಹಾಕಿ ಅದರ ಕ್ಯಾಲಿಬ್ರೇಶನ್, ಅಂದರೆ ಅಳತೆಯ ಹೊಂದಾಣಿಕೆ, ಮಾಡಿದೆವು. ಬಳಿಕ ಮೂತಿಯನ್ನು ನೇರ ಕಾಪು ದೀಪಸ್ತಂಭದತ್ತ ಹಿಡಿದು, ತೆರೆಯಲ್ಲಿನ ಮೂತಿಯ ಗೆರೆಯೂ ಅದರ ಮೇಲೆಯೇ ಬೀಳುವಂತೆ ಉಳಿದ ವ್ಯತ್ಯಾಸವನ್ನು ಮೆನುವಿನಲ್ಲಿ ತುಂಬಿದೆವು. ಈಗ ಬಲೆ ಎಳೆಯುವಾಗಲೂ 'ಹೆಡ್ ಅಪ್' ಅಲುಗಾಡುವುದಿಲ್ಲ. ನೀರಿನ ಸೆಳೆತವಿದ್ದಾಗ ಮೂತಿಯ ಗೆರೆಗೂ ಸಾಗುವ ಗೆರೆಗೂ ನಡುವೆ ಕಾಣುವ ಅಂತರ ದೋಷವಲ್ಲ. ಬೋಟು ಎಷ್ಟು ಪಕ್ಕಕ್ಕೆ ಜಾರುತ್ತಿದೆ ಎಂದು ಹೇಳುವುದು ಅದೇ.

ಇನ್ನೊಂದು ವಿಷಯ: ಪೋಲರಾಯ್ಡ್ ಕನ್ನಡಕ ಹಾಕಿ ತಲೆ ವಾಲಿಸಿದರೆ ತೆರೆ ಕಪ್ಪಾಗುತ್ತದೆ. ಕೆಟ್ಟಿತೆಂದು ನಾವು ಒಮ್ಮೆ ಸೆಟ್ಟನ್ನೇ ಬಿಚ್ಚಿದ್ದೆವು.

ಉಳಿದಿರುವ ದೂರು ಒಂದೇ. ಜೂನ್ ಮತ್ತು ಜುಲೈಯ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬ್ಯಾಟರಿ ಕಳಚಿಟ್ಟರೆ ಈ ಸೆಟ್ಟು ತನ್ನ ಎಲ್ಲ ಆಯ್ಕೆಗಳನ್ನೂ ಮರೆತು 'ಕೋರ್ಸ್ ಅಪ್'ಗೆ ಮರಳುತ್ತದೆ. ಆದ್ದರಿಂದ ಬದಲಿಸಬೇಕಾದ ಮೂರು ಆಯ್ಕೆಗಳನ್ನು ತಂಡೇಲರು ಕ್ಯಾಬಿನ್ನಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಟ್ಟಿದ್ದಾರೆ.