ಕಾರ್ನಬಿಯೋ, ಬೌಡಿನ್ನೋ?

ಹಕ್ಕಿ ನೋಡಲು ಪರ್ತ್‌ಗೆ ಹೊರಟವರಿಗೆ ಬಿಳಿಬಾಲದ ಎರಡು ಕಪ್ಪು ಕಾಕಟೂಗಳು (ಗಿಳಿ ಜಾತಿಯ ಹಕ್ಕಿಗಳು), ಕಾರ್ನಬಿ ಮತ್ತು ಬೌಡಿನ್, ತಲೆ ಕೆಡಿಸುತ್ತವೆ. ಎರಡೂ ಜಾಂಡಾ ಕುಲದವು. ಪಶ್ಚಿಮ ಆಸ್ಟ್ರೇಲಿಯದ ನೈಋತ್ಯ ಭಾಗ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಕಾರ್ನಬಿಗೆ ಸ್ವಂತ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 1948ರಲ್ಲಿ.

ಬಾಲ ಬಿಡಿ, ಕೊಕ್ಕು ನೋಡಿ. ಬೌಡಿನ್‌ನ ಮೇಲ್ಗೊಕ್ಕು ಉದ್ದ, ತೆಳು. ಅದನ್ನು ಮರ್ರಿ ಮರದ ಗಟ್ಟಿ ಕಾಯಿಯ ಬಾಯೊಳಗೆ ತೂರಿಸಿ, ಕಾಯಿ ಒಡೆಯದೆಯೇ ಬೀಜ ಎತ್ತಿಬಿಡುತ್ತದೆ. ಕಾರ್ನಬಿಯ ಕೊಕ್ಕು ಮೋಟು, ಅಗಲ. ಬ್ಯಾಂಕ್ಸಿಯಾ ಕಾಯಿ ಸೀಳಲು ಹೇಳಿ ಮಾಡಿಸಿದ್ದು.

ಸಮಯ ಕಡಿಮೆಯಿದ್ದರೆ ಕಾರ್ನಬಿಯನ್ನೇ ಆರಿಸಿಕೊಳ್ಳಿ. ಗೋಧಿ ಸೀಮೆಯ ಮರದ ಪೊಟರೆಗಳಲ್ಲಿ ಮರಿ ಮಾಡಿ, ಆಮೇಲೆ ಕರಾವಳಿಗೆ ಬರುತ್ತದೆ. ಪರ್ತ್‌ನ ಪೈನ್ ಮರಗಳಲ್ಲೂ ಕಾಣಸಿಗುತ್ತದೆ. ಬೌಡಿನ್ ಬೇಕೆಂದರೆ ಮಳೆ ಹೆಚ್ಚಿರುವ ದಕ್ಷಿಣದ ಜರ್ರಾ, ಕರ್ರಿ ಮರಗಳ ಕಾಡುಗಳಿಗೆ ಹೋಗಬೇಕು. ಚಳಿಗಾಲದಲ್ಲಾದರೆ ಪರ್ತ್ ಪಕ್ಕದ ಗುಡ್ಡಗಳಲ್ಲಿ ಅದೃಷ್ಟ ಪರೀಕ್ಷಿಸಬಹುದು.