‘ಅವಿನೀತ’ ಎಂದರೆ ವಿನಯವಂತನಲ್ಲ: ಕೋಲಾರದ ಹೆಸರು ಹುಡುಕಿಕೊಡುವ ಅಂಗಡಿ

ಕೋಲಾರ ಪೇಟೆಯ ಈ ಪುಟ್ಟ ಅಂಗಡಿಯಲ್ಲಿ ಜಾತಕ, ಲಗ್ನಪತ್ರಿಕೆಯ ಜೊತೆಗೆ ಮಗುವಿಗೆ ಹೆಸರನ್ನೂ ಹುಡುಕಿಕೊಡುತ್ತಾರೆ. ಹುಟ್ಟಿದ ದಿನ, ಗಂಟೆ, ಊರು ಹೇಳಿ 300 ರೂಪಾಯಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ನಕ್ಷತ್ರ, ಪಾದ, ಅಕ್ಷರ, ಅದರ ಕೆಳಗೆ ಅರ್ಥಸಮೇತ 20 ಹೆಸರು.

ಲೆಕ್ಕದ ಭಾಗ ಚೊಕ್ಕವಾಗಿದೆ. ಇಲ್ಲಿ ಪರಿಶೀಲಿಸಿದ ಹಾಳೆ ಕೃತ್ತಿಕಾ 1ನೇ ಪಾದದ್ದು, ಹೆಸರು ಶುರುವಾಗಬೇಕಾದ ಅಕ್ಷರ ‘ಅ’. ಒಂದು ಪಾದ ಎಂದರೆ ನಕ್ಷತ್ರದ ಕಾಲು ಭಾಗ, 3 ಡಿಗ್ರಿ 20 ಕಲೆ (60 ಕಲೆಗೆ ಒಂದು ಡಿಗ್ರಿ). ಚಂದ್ರ ಅದನ್ನು ದಾಟಲು ಸುಮಾರು 6 ಗಂಟೆ ಬೇಕು. ಕೃತ್ತಿಕೆಯ ಮೊದಲ ಪಾದ ಮೇಷಕ್ಕೆ, ಉಳಿದ ಮೂರು ವೃಷಭಕ್ಕೆ ಸೇರುವುದರಿಂದ ಹೊತ್ತು ತಪ್ಪಿದರೆ ಅಕ್ಷರದ ಜೊತೆ ರಾಶಿಯೂ ತಪ್ಪಬಹುದು. ಎಡವಟ್ಟು ಆಗುವುದು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಹುಟ್ಟಿದ ಮಕ್ಕಳ ವಿಷಯದಲ್ಲಿ. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ, ಆಸ್ಪತ್ರೆಯ ತಾರೀಖು ರಾತ್ರಿ 12ಕ್ಕೇ. ಅಜ್ಜಿ ‘ಭಾನುವಾರ ರಾತ್ರಿ’ ಅಂದದ್ದು ಆಸ್ಪತ್ರೆಯ ಚೀಟಿಯಲ್ಲಿ ಸೋಮವಾರ ಆಗಿರುತ್ತದೆ. ಅಂಗಡಿಯವರು ಬಾಯಿಮಾತು ನಂಬದೆ ಡಿಸ್ಚಾರ್ಜ್ ಚೀಟಿಯನ್ನೇ ಕೇಳುತ್ತಾರೆ. ಇದು ನಿಜಕ್ಕೂ ಮೆಚ್ಚುವ ಕೆಲಸ. ಇಷ್ಟಕ್ಕೇ ಆದರೆ 300 ರೂಪಾಯಿ ಸಲ್ಲುತ್ತದೆ.

ಮುಗ್ಗರಿಸಿರುವುದು ಅರ್ಥದ ಕಾಲಂನಲ್ಲಿ. ಏಳನೇ ಸಾಲು ಹೀಗಿದೆ: ‘ಅವಿನೀತ್ – ವಿನಯವಂತ, ಗಂಗರ ದೊರೆ.’ ಗಂಗರ ದೊರೆ ಎಂಬುದು ಸರಿ. ವಿನಯವಂತ ಎಂಬುದು ಪೂರಾ ತಲೆಕೆಳಗು. ಸಂಸ್ಕೃತದ ‘ನೀ’ ಧಾತುವಿಗೆ ಒಯ್ಯು, ನಡೆಸು ಎಂಬ ಅರ್ಥ. ನಾಯಕ, ನೇತಾರ ಬಂದದ್ದು ಅಲ್ಲಿಂದಲೇ. ಅದಕ್ಕೆ ‘ವಿ’ ಸೇರಿ ವಿನಯ, ವಿನೀತ. ವಿನೀತ ಎಂದರೆ ತಿದ್ದಿ ಪಳಗಿಸಿದವ; ಅಮರಕೋಶ ಈ ಮಾತನ್ನು ಚೆನ್ನಾಗಿ ಪಳಗಿದ ಕುದುರೆಗೂ ಹೇಳುತ್ತದೆ. ಅದರ ಮುಂದೆ ‘ಅ’ ಬಿದ್ದರೆ ಲಗಾಮಿಗೆ ಬಗ್ಗದ ಕುದುರೆ.

ಹಾಗೆಂದು ಇಡಬಾರದ ಹೆಸರೇನಲ್ಲ. ಅದೇ ಹಾಳೆಯಲ್ಲಿರುವ ಅಚ್ಯುತ, ಅನಿರುದ್ಧ ಕೂಡ ‘ಇಲ್ಲ’ ಎಂಬುದರಿಂದಲೇ ಹುಟ್ಟಿದವು: ಜಾರದವ, ತಡೆಯಿಲ್ಲದವ. ಅವಿನೀತನನ್ನೂ ಯಾರಿಗೂ ಬಗ್ಗದವ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ, ಆದರೆ ನಿಘಂಟು ಕೊಡುವ ಅರ್ಥ ‘ಶಿಸ್ತಿಲ್ಲದವ’. ಎರಡನ್ನೂ ಬರೆದುಕೊಟ್ಟರೆ ಮನೆಯವರು ತಿಳಿದೇ ಆರಿಸುತ್ತಾರೆ. ಈ ದೊರೆಯ ಮಗನ ಹೆಸರು ದುರ್ವಿನೀತ, ಇನ್ನೂ ಒರಟು. ಕವಿರಾಜಮಾರ್ಗ ಕನ್ನಡ ಗದ್ಯಕಾರರ ಸಾಲಿನಲ್ಲಿ ಎಣಿಸುವ ದುರ್ವಿನೀತ ಇವನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೋಲಾರ ಆಗ ಕುವಲಾಲ, ಗಂಗರ ಮೊದಲ ರಾಜಧಾನಿ. ಆ ಊರಲ್ಲೇ ಈ ಹೆಸರಿನ ಅರ್ಥ ತಪ್ಪಾಗಿ ಅಚ್ಚಾಗುವುದು ಬೇಸರದ ಸಂಗತಿ.

ಹಾಳೆ ಕೈಗೆ ಬಂದ ಮೇಲೆ ಮನೆಯಲ್ಲೇ ಪರೀಕ್ಷಿಸಿ. ಮೊದಲು ‘ಅ’, ‘ನಿರ್’, ‘ದುರ್’ ಬಿಡಿಸಿ, ಉಳಿದ ಪದವನ್ನು ನಿಘಂಟಿನಲ್ಲಿ ನೋಡಿ. ಎಲ್ಲ ‘ಅ’ವೂ ನಕಾರವಲ್ಲ ಎಂಬ ಎಚ್ಚರ ಇರಲಿ: ಅರಿಕೇಸರಿಯಲ್ಲಿ ‘ಅರಿ’ ಎಂದರೆ ಹಗೆ, ಅಂದರೆ ಹಗೆಗಳ ಪಾಲಿಗೆ ಸಿಂಹ. ಕೊನೆಯಕ್ಷರವನ್ನೂ ಗಮನಿಸಿ. ಹಾಳೆಯಲ್ಲಿ ‘ಅವಿನೀತ್’ ಎಂದು ಒತ್ತಿ ನಿಲ್ಲಿಸಿದ್ದಾರೆ. ಮೂಲ ರೂಪ ‘ಅವಿನೀತ’. ಇಂಗ್ಲಿಷ್‌ನಲ್ಲಿ ಬರೀ ‘ಟಿ’ ಹಾಕಿದರೆ ‘ಅವಿನೀಟ್’ ಎಂದು ಓದುವವರಿದ್ದಾರೆ, ಹಾಗಾಗಿ ನಮ್ಮ ಕಡೆಯ ರೂಢಿಯಂತೆ ‘ಟಿಎಚ್‌ಎ’ ಬರೆಸುವುದು ಮೇಲು. ಜನನ ಪ್ರಮಾಣಪತ್ರದಲ್ಲಿ ಬಂದ ಕಾಗುಣಿತವೇ ಆಧಾರ್‌ಗೂ ಶಾಲೆಗೂ ಹೋಗುತ್ತದೆ.

ತೊಟ್ಟಿಲ ಶಾಸ್ತ್ರದ ದಿನ ಹತ್ತಿರ ಬಂತೆಂದು ಗಾಬರಿ ಬೇಡ. ಹುಟ್ಟನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರನ್ನು ಮಾತ್ರ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ತಡದ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ.